ಗಾಳಿ ಬಡಿಯದ ಕೋಣೆ

ಅಕ್ಕನ ಹೆರಿಗೆಯಾಗಿ ಒಂದು ವಾರ ತುಂಬುವಷ್ಟರಲ್ಲಿ ನಮ್ಮ ಮನೆಯ ಹಳೇ ಸೀರೆಗಳೆಲ್ಲ ಮುಗಿದುಹೋದವು. ಕೂಸಿನ ಬಟ್ಟೆಗೆಂದು ಹರಿದು ಮುಗಿದದ್ದಲ್ಲ. ಆಯಿ ಅವನ್ನು ಉದ್ದುದ್ದ ಸೀಳಿ, ಬತ್ತಿಯ ಹಾಗೆ ಹೊಸೆದು, ಕಿಟಕಿಯ ಸಂದಿ, ಬಾಗಿಲ ಸಂದಿ, ಕರೆಂಟಿನ ವೈರು ಒಳಗೆ ಬರುವ ತೂತು, ಎಲ್ಲೆಲ್ಲಿ ಗಾಳಿಗೆ ದಾರಿಯಿದೆಯೋ ಅಲ್ಲೆಲ್ಲ ತುರುಕಿ ಮುಗಿಸಿದ್ದಳು.

ಆಯಿ ಅಂದರೆ ನಮ್ಮಪ್ಪನ ತಾಯಿ. ಸಂದಿ ಹುಡುಕುವುದಕ್ಕೆ ಅವಳದೇ ಒಂದು ಪದ್ಧತಿ ಇತ್ತು. ಊದಿನಕಡ್ಡಿ ಹಚ್ಚಿಕೊಂಡು ಗೋಡೆಗುಂಟ ನಿಧಾನಕ್ಕೆ ನಡೆಯುವುದು. ಹೊಗೆ ನೆಟ್ಟಗೆ ಏರಿದರೆ ಮುಂದಕ್ಕೆ ಹೋಗುವುದು; ಒಂದಿಷ್ಟು ಬಾಗಿತೋ, ಅಲ್ಲೊಂದು ಬತ್ತಿ. ನಾನೂ ಒಂದು ಊದಿನಕಡ್ಡಿ ಹಿಡಿದು, ಸೊಂಟ ಬಗ್ಗಿಸಿ, ಅಪ್ಪನ ಹಳೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅವಳ ಬೆನ್ನ ಹಿಂದೆಯೇ ನಡೆಯುತ್ತಿದ್ದೆ. ಹೊರಸಿನ ಮೇಲೆ ಮಲಗಿದ್ದ ಅಕ್ಕ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

"ನಗಸಬ್ಯಾಡೋ ತಮ್ಮಾ, ಹೊಲಿಗಿ ಜಗ್ತಾವ."

ಆಯಿ ತಿರುಗಿ ನೋಡದೆಯೇ ಹೇಳುತ್ತಿದ್ದಳು: "ಹಿಂದ ಮಂಗ್ಯಾ ಬರಾಕತ್ತದೇನ ನೋಡ್ರಿ. ಬಾಲ ಸಂದ್ಯಾಗ ಸಿಕ್ಕೊಂಡೀತು."

ಸುರಪುರದ ನಮ್ಮ ಮನೆ ಎರಡು ತುಂಡು. ಮುಂದಿನದು ದಪ್ಪ ಕಲ್ಲಿನ ಗೋಡೆಯ, ಮಣ್ಣಿನ ಮಾಳಿಗೆಯ ಹಳೇ ಮನೆ. ನಡುವೆ ಅಂಗಳ. ಅಂಗಳ ದಾಟಿದರೆ ಅಕ್ಕನ ಮದುವೆಗೆಂದು ಕಟ್ಟಿಸಿದ ಒಂದೇ ಒಂದು ಸ್ಲ್ಯಾಬಿನ ಕೋಣೆ. ಹಳೇ ಮನೆಯ ಬಾಗಿಲ ಕೆಳಗೆ ಬೆಕ್ಕು ನುಸುಳುವಷ್ಟು ಜಾಗ, ಗೋಡೆಯಲ್ಲಿ ಇಲಿ ಬಿಲ, ಮಾಳಿಗೆಯ ನಡುವೆ ಬೆಳಕಿಗೆಂದು ಬಿಟ್ಟ ಗವಾಕ್ಷಿ. ಸ್ಲ್ಯಾಬಿನ ಕೋಣೆಗೋ ಸರಿಸುವ ಗಾಜಿನ ಕಿಟಕಿ, ಬೆಣ್ಣೆಯಂಥ ಪ್ಲಾಸ್ಟರ್. ಬಾಣಂತಿಯನ್ನು ಎಲ್ಲಿ ಮಲಗಿಸಬೇಕೆಂಬ ಮಾತು ಬಂದಾಗ ಆಯಿಗೆ ಯೋಚನೆಯೇ ಬೇಕಾಗಲಿಲ್ಲ. "ಹಳೇ ಮನಿ ಅಂದ್ರ ಜಾಳಿಗಿ. ಹೊಸಾದು ಡಬ್ಬಿ ಇದ್ದಂಗ ಅದ, ಅಲ್ಲೇ ಇರ್ಲಿ" ಅಂದಳು.

ಡಬ್ಬಿ ಎನ್ನುವ ಮಾತಿಗೆ ತಪ್ಪು ಹುಡುಕುವ ಹಾಗಿರಲಿಲ್ಲ. ಬೇಸಿಗೆಯ ನಮ್ಮೂರಿನಲ್ಲಿ ಸ್ಲ್ಯಾಬು ಹತ್ತು ಗಂಟೆಗೇ ಕಾಯತೊಡಗಿ, ಮೂರು ಗಂಟೆಯ ಹೊತ್ತಿಗೆ ರೊಟ್ಟಿ ಹಂಚಾಗುತ್ತದೆ. ಆ ಹಂಚಿನ ಕೆಳಗೆ ಮುಚ್ಚಿದ ಡಬ್ಬಿ. ಡಬ್ಬಿಯೊಳಗೆ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡ ಅಕ್ಕ. ಅವಳ ಹೊರಸಿನ ಕೆಳಗೆ ಬೆಳಿಗ್ಗೆ ಮತ್ತು ಸಂಜೆ ಕೆಂಡದ ಅಗ್ಗಿಷ್ಟಿಕೆ. ಪಕ್ಕದಲ್ಲಿ ಕುಂಚಿಗೆ ತೊಟ್ಟು, ಎರಡು ಬಟ್ಟೆಯಲ್ಲಿ ಸುತ್ತಿಸಿಕೊಂಡು, ಮೇಲೊಂದು ಕೌದಿ ಹೊದೆಸಿಕೊಂಡ ಕೂಸು. ಹೆಣ್ಣು ಕೂಸು, ದಿನ ತುಂಬುವ ಮೂರು ವಾರ ಮುಂಚೆಯೇ ಬಂದಿತ್ತು. ಯಾದಗಿರಿಯ ದವಾಖಾನೆಯಿಂದ ಬಿಡುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: "ಕೂಸು ಸಣ್ಣದದ, ಬೆಚ್ಚಗ ಇಡ್ರಿ." ಅವರು ಆ ಮಾತನ್ನು ಎ.ಸಿ. ಹಾಕಿದ ಖೋಲಿಯಲ್ಲಿ ನಿಂತು ಹೇಳಿದ್ದರು. ಆಯಿ ಅದನ್ನು ಹಾಗೇ ಸೆರಗಿನಲ್ಲಿ ಕಟ್ಟಿಕೊಂಡು ಸುರಪುರಕ್ಕೆ ತಂದಳು.

ನಾನು ಆಗ ಬಸ್ ಸ್ಟ್ಯಾಂಡಿನ ಹತ್ತಿರದ ಕೂಲರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿಂದ ಉಷ್ಣತೆ ತೋರಿಸುವ ಒಂದು ಗಡಿಯಾರ ತಂದು ಬಾಣಂತಿ ಕೋಣೆಯ ಗೋಡೆಗೆ ಹಾಕಿದೆ. ಮಧ್ಯಾಹ್ನ ನೋಡಿದರೆ ನಲವತ್ತೊಂದು. ಆಯಿಯನ್ನು ಕರೆದು ತೋರಿಸಿದೆ.

"ನಲವತ್ತೊಂದಕ್ಕ ಎಷ್ಟ್ ಗಂಟಿ ಆದಂಗ?"

"ಗಂಟಿ ಅಲ್ಲಾಯಿ, ಸೆಕಿ."

"ಸೆಕಿ ನೋಡಾಕ ಗಡಿಯಾರ ಬೇಕೇನೋ ನಿನಗ? ಮೈಮ್ಯಾಲ ಚರ್ಮಿಲ್ಲ?"

ಇದೇ ಮಾತನ್ನು ನಾನು ಮರುದಿನ ಅಂಗಡಿಯಲ್ಲಿ ಅವಳ ದನಿಯಲ್ಲೇ ಹೇಳಿ, ಮಾಲೀಕರನ್ನು ನಗಿಸಿ, ಆ ನಗುವಿನ ಭರದಲ್ಲೇ ಒಂದು ಡೆಮೊ ಕೂಲರನ್ನು ಎರಡು ದಿನದ ಮಟ್ಟಿಗೆ ಕೇಳಿ ಮನೆಗೆ ತಂದೆ. ಅಕ್ಕನ ಕಣ್ಣಲ್ಲಿ ಬೆಳಕು ಬಂತು. ಅವಳ ಕುತ್ತಿಗೆ ತುಂಬ ಬೆವರುಸಾಲೆ ಎದ್ದಿತ್ತು. ಕೂಸಿನ ಬೆನ್ನ ಮೇಲೂ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಗುಳ್ಳೆ. ಅವ್ವ ನನ್ನನ್ನು ನೋಡಿದಳು, ಆಮೇಲೆ ಆಯಿಯನ್ನು ನೋಡಿದಳು. ನಮ್ಮವ್ವ ಈ ಮನೆಗೆ ಬಂದು ಮೂವತ್ತು ವರ್ಷವಾಗುತ್ತ ಬಂದಿದ್ದರೂ ಅತ್ತೆಯ ಮುಂದೆ ಮಾತಾಡುವುದು ಕಣ್ಣಿನಿಂದಲೇ.

ಆಯಿ ಕೂಲರಿನ ಸುತ್ತ ಒಂದು ಸುತ್ತು ಬಂದಳು. ಕೊನೆಗೆ ತೀರ್ಪು ಹೇಳಿದಳು: ಇಡಬಹುದು, ಆದರೆ ಮೋರೆ ಗೋಡೆಗೆ ಇರಬೇಕು, ಕಿಟಕಿ ತೆಗೆಯುವ ಹಾಗಿಲ್ಲ.

ದಿನಕ್ಕೆ ಹತ್ತು ಜನಕ್ಕೆ ನಾನೇ ಹೇಳುತ್ತಿದ್ದೆ: "ಕಾಕಾ, ಎದುರಿನ ಕಿಟಕಿ ತಗದಿಡ್ರಿ. ಗಾಳಿಗೆ ಹೊರಗ ಹೋಗಾಕ ದಾರಿ ಇಲ್ಲಂದ್ರ ಇದು ಕೂಲರ್ ಅಲ್ಲ, ಇಡ್ಲಿ ಪಾತ್ರಿ." ಅಂಥ ಪಂಡಿತ ನಾನು, ಆಯಿ ಒಪ್ಪಿದಳಲ್ಲ ಎಂಬ ಹುರುಪಿನಲ್ಲಿ ಮುಚ್ಚಿದ ಕೋಣೆಯಲ್ಲೇ ಕೂಲರಿಗೆ ನೀರು ತುಂಬಿ ಗುಂಡಿ ಒತ್ತಿದೆ. ಹತ್ತು ನಿಮಿಷ ತಂಪೆನಿಸಿತು. ಅರ್ಧ ಗಂಟೆಗೆ ಗೋಡೆ ಬೆವರಿತು, ಕೌದಿ ಹಸಿಯಾಯಿತು, ಅಕ್ಕನ ಸೀರೆ ಮೈಗೆ ಅಂಟಿತು. ಗಡಿಯಾರದಲ್ಲಿ ಮೂರು ಅಂಕಿ ಇಳಿದಿದ್ದರೂ ಉಸಿರು ಎಳೆದರೆ ಮೂಗಿಗೆ ನೀರು ಬರುವಂಥ ಗವ್ವೆನ್ನುವ ಸೆಕೆ. ಕೂಸು ಕಿರುಚಿತು, ನಿಲ್ಲಿಸಲೇ ಇಲ್ಲ.

"ಕಂಡ್ಯಾ?" ಅಂದಳು ಆಯಿ. "ಕೂಸಿಗಿ ಒಗ್ಗಿಲ್ಲದು. ಎತ್ತು ನಿನ್ನ ಗಿರಣಿ."

ಗಿರಣಿಯನ್ನು ಎತ್ತಿದೆ. ಹೊರಡುವಾಗ ಅಕ್ಕ ನನ್ನ ಅಂಗಿಯ ಚುಂಗು ಹಿಡಿದು ಪಿಸುಗುಟ್ಟಿದಳು. "ಏನರೆ ಮಾಡೋ ತಮ್ಮಾ. ಮುಂಜಾನಿಂದ ಇದು ಸರಿಯಾಗಿ ಕುಡಿದಿಲ್ಲ. ನನಗೂ ತೆಲಿ ತಿರಗಾಕತ್ತದ."

ಆ ಮಾತನ್ನು ನಾನು ಎರಡು ಬಗೆಯಲ್ಲಿ ಕೇಳಿಸಿಕೊಳ್ಳಬಹುದಿತ್ತು. ಕೂತು ಆಯಿಯ ಜೊತೆ ಸಮಾಧಾನದಿಂದ ಮಾತಾಡುವುದು ಒಂದು. ನನಗೆ ಹೊಳೆದದ್ದು ಇನ್ನೊಂದು.

ಅಂಗಡಿಯ ಹಿಂದಿನ ಗೋದಾಮಿಗೆ ಹೋಗಿ ದೋಸ್ತನ ಮೊಬೈಲಿನಿಂದ ಅವ್ವನ ನಂಬರಿಗೆ ಹಚ್ಚಿದೆ. ಅವ್ವ ಎತ್ತಿದಳು. ಗಂಟಲನ್ನು ಒಂದಿಷ್ಟು ಕೆಳಗಿಳಿಸಿ, ಮಾತಿನ ನಡುನಡುವೆ ಆ ಡಾಕ್ಟರು ಹಾಕುವ ಹಾಗೆ ಒಂದು 'ಅಲ್ಲೇನು?' ಸೇರಿಸಿ, "ಮನಿಯಾಗ ಹಿರೇರ್ ಯಾರದಾರ, ಅವರ ಕೈಯಾಗ ಕೊಡ್ರಿ" ಅಂದೆ.

"ಯಾರ್ರೀ?" ಆಯಿಯ ದನಿ.

"ಯಾದಗಿರಿ ದವಾಖಾನಿಯಿಂದ ಡಾಕ್ಟರ್ ಮಾತಾಡಾಕತ್ತೇನಿ. ಕೂಸು ಹೆಂಗದ?"

"ಸಾಹೇಬ್ರಾ! ನಮಸ್ಕಾರ್ರಿ. ಆರಾಮದರಿ. ನೀವು ಹೇಳಿದಂಗ ಬೆಚ್ಚಗ ಇಟ್ಟೀವ್ರಿ."

"ಬೆಚ್ಚಗ ಅಂದ್ರ ಬೇಯಿಸ್ರಿ ಅಂದಿಲ್ಲ, ಅಲ್ಲೇನು? ಒಂದು ಕಿಟಕಿ ತಗೀರಿ. ಕೌದಿ ತಗೀರಿ. ಬಾಣಂತಿ ಹೊರಸಿನ ಬುಡಕ ಬೆಂಕಿ ಬ್ಯಾಡ."

"ಹೌದ್ರಿ ಸಾಹೇಬ್ರ. ಹಂಗೇ ಮಾಡ್ತೀವ್ರಿ."

ಇಲ್ಲಿಗೆ ಫೋನು ಇಟ್ಟಿದ್ದರೆ ನಾನು ಈ ಬರಹವನ್ನೇ ಬರೆಯುತ್ತಿರಲಿಲ್ಲವೇನೋ. ಆದರೆ ಆಯಿಯಂಥ ಆಯಿ 'ಸಾಹೇಬ್ರ' ಅಂತ ಮೆತ್ತಗಾದ ಮೇಲೆ ನಾಲಿಗೆ ಎಲ್ಲಿ ನಿಲ್ಲುತ್ತದೆ? "ಮತ್ತ ಬಾಣಂತಿಗೆ ದಿನಾ ಒಂದು ಕುಲ್ಫಿ ಕೊಡ್ರಿ" ಅಂದೆ. "ಆಕಿ ತಮ್ಮಗೂ ಒಂದು ಕೊಡ್ರಿ, ಪಾಪ, ಭಾಳ ದುಡೀತಾನ."

ಆ ಕಡೆ ಫೋನು ಕಟ್ಟಾಯಿತು.

ಸಂಜೆ ಮನೆಗೆ ಹೋದಾಗ ಕಿಟಕಿ ಎರಡು ಗೇಣು ತೆರೆದಿತ್ತು. ಅಂದರೆ ಕುಲ್ಫಿಯ ತನಕದ್ದನ್ನೆಲ್ಲ ಆಯಿ ನಂಬಿ, ಕೂಡಲೇ ತೆಗೆಸಿದ್ದಳು. ಅಕ್ಕ ನಿದ್ದೆ ಮಾಡಿ ಎದ್ದಿದ್ದಳು, ಕೂಸು ಕುಡಿದಿತ್ತು. ನಾನು ಹೊಸ್ತಿಲಲ್ಲಿ ಕಾಲಿಟ್ಟದ್ದೇ ತಡ, ಅಕ್ಕನಿಗೆ ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕುಬಿಟ್ಟಳು. ಆಯಿ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅನುಮಾನ ಅದಾಗಲೇ ಇತ್ತು, ಈಗ ಗಟ್ಟಿಯಾಯಿತು. ಬೈಯುತ್ತಾಳೆಂದು ಕಾದೆ, ಆಯಿಯ ಬೈಗುಳವೆಂದರೆ ನನಗೆ ಹೊಸ ಸರಕು, ಒಂದು ವಾರ ಅಂಗಡಿಯಲ್ಲಿ ಓಡುತ್ತದೆ. ಅವಳು ಬೈಯಲಿಲ್ಲ. ಎದ್ದು ಹೋಗಿ ಕಿಟಕಿ ಸರಿಸಿದಳು. ಸೀರೆಯ ಬತ್ತಿಯನ್ನು ಒಂದೊಂದಾಗಿ ಮತ್ತೆ ತುರುಕಿದಳು. ಹಿಟ್ಟಿನ ಅಂಟು ಮಾಡಿಸಿ ಅದರ ಮೇಲೆ ಪೇಪರ್ ಹಚ್ಚಿಸಿದಳು.

"ಡಾಕ್ಟರ್ ದನಿ ಕದ್ದಿ" ಅಂದಳು ಕೊನೆಗೆ, ಕೈ ಒರೆಸಿಕೊಳ್ಳುತ್ತ. "ಇನ್ನ ಮ್ಯಾಲ ಖರೇ ಡಾಕ್ಟರ್ ಬಂದು ಹೇಳಿದ್ರೂ ನನಗ ನಿನ್ನ ಮಾರೀನೇ ಕಾಣ್ತದ."

ಮರುದಿನ ಮಧ್ಯಾಹ್ನ ಅಂಗಡಿಗೆ ಅವ್ವನ ಫೋನು ಬಂತು. ನಮ್ಮವ್ವ ಫೋನಿನಲ್ಲಿ ಯಾವಾಗಲೂ ಕೂಗಿ ಮಾತಾಡುವವಳು, ಅವತ್ತು ಪಿಸುಮಾತು. "ಜಲ್ದಿ ಬಾ. ಕೂಸು ಕಣ್ಣ ತೆರಿಯವಲ್ದು."

ಓಡಿದೆ. ಸೈಕಲ್ ಇತ್ತು, ಅದು ನೆನಪಾದದ್ದು ಅರ್ಧ ದಾರಿಯಲ್ಲಿ.

ಕೋಣೆಯ ಬಾಗಿಲು ತಳ್ಳಿದರೆ ಧೂಪದ ಹೊಗೆ. ಹೊರಸಿನ ಕೆಳಗೆ ಮಧ್ಯಾಹ್ನದಲ್ಲೂ ಅಗ್ಗಿಷ್ಟಿಕೆ. ಅಕ್ಕ ಕೂಸನ್ನು ಎದೆಗೆ ಹಿಡಿದುಕೊಂಡು ಅದರ ಕೆನ್ನೆ ತಟ್ಟುತ್ತಿದ್ದಳು. ಕೌದಿ ಎರಡಾಗಿತ್ತು. ಕೂಸಿನ ಮುಖ ಕೆಂಪಗೆ, ತುಟಿ ಒಣಗಿ, ಅತ್ತರೂ ಬೆಕ್ಕಿನ ಮರಿಯಷ್ಟು ಸಣ್ಣ ದನಿ. ಗಡಿಯಾರ ನಲವತ್ತೆರಡು ತೋರಿಸುತ್ತಿತ್ತು.

"ಗಾಳಿ ಬಡದದ" ಅಂದಳು ಆಯಿ. ನನ್ನತ್ತ ನೋಡದೆ ಅಂದಳು. "ನಿನ್ನಿ ಕಿಟಕಿ ತಗಸಿದ್ದಕ್ಕ ಬಡದದ. ಮೈ ಕಾದದ. ಬೆವರು ಇಳಿಸಿದ್ರ ಇಳೀತದ."

ಅವಳ ಲೆಕ್ಕದಲ್ಲಿ ಈ ಕೂಸಿಗೆ ಏನಾದರೂ ಆದರೆ ಮಾಡಿದವನು ನಾನು. ನನ್ನ ಲೆಕ್ಕದಲ್ಲಿ ಮಾಡುತ್ತಿರುವವಳು ಅವಳು. ಕೂಸಿಗೆ ನಮ್ಮ ಲೆಕ್ಕ ಮುಗಿಯುವ ತನಕ ಕಾಯುವ ಶಕ್ತಿ ಇದ್ದಂತೆ ಕಾಣಲಿಲ್ಲ.

ಮನೆಗೆ ಬಂದು ಕೂಸಿನ ತೂಕ ನೋಡಿ ಹೋಗುತ್ತಿದ್ದ ಸಿಸ್ಟರ್ ಒಬ್ಬರಿದ್ದರು, ನಮ್ಮ ಓಣಿಗೆಲ್ಲ ಅವರೇ. ಅವ್ವನ ಫೋನಿನಿಂದ ಅವರಿಗೆ ಹಚ್ಚಿದೆ. ಪಕ್ಕದ ಹಳ್ಳಿಯಲ್ಲಿ ಲಸಿಕೆ ಹಾಕುವ ಕೆಲಸದಲ್ಲಿದ್ದರು, ಹಿಂದೆ ಮಕ್ಕಳ ಅಳು ಕೇಳುತ್ತಿತ್ತು. ನಾನು ಹೇಳಿ ಮುಗಿಸುವ ಮೊದಲೇ ಅವರ ದನಿ ಬದಲಾಯಿತು.

"ಕಿವಿಗೊಟ್ಟು ಕೇಳು ತಮ್ಮಾ. ಇದು ಮನಿಯಾಗ ಇಟ್ಕೊಳ್ಳೋ ಕೂಸಲ್ಲ, ದವಾಖಾನಿಗಿ ಹೋಗ್ಲೇಬೇಕು. ನಾ ಗಾಡಿ ಮ್ಯಾಲ ಹೊಂಟೆ, ಅರ್ಧ ತಾಸು. ಅಲ್ಲಿತನ ಆ ಖೋಲ್ಯಾಗ ಬ್ಯಾಡ. ಬಟ್ಟಿ ಬಿಚ್ಚರಿ, ತಂಪ್ ಇರೋ ಜಾಗಕ್ಕ ಒಯ್ರಿ, ಎದಿಗಿ ಹಚ್ಚರಿ. ಹಿರೇರ್ ಕೈಯಾಗ ಕೊಡು ಫೋನು."

ಸ್ಪೀಕರ್ ಹಾಕಿ ಆಯಿಯ ಮುಂದೆ ಹಿಡಿದೆ. "ಆಯೀ, ನಾನ್ರಿ, ಸಿಸ್ಟರ್. ಕೂಸಿನ ಮ್ಯಾಲಿನ ಬಟ್ಟಿ ತಗೀರಿ ಮೊದಲ" ಎಂಬ ಮಾತು ಕೋಣೆ ತುಂಬ ಕೇಳಿತು.

ಆಯಿ ಫೋನನ್ನು ಕಣ್ಣು ಸಣ್ಣದು ಮಾಡಿ ನೋಡಿದಳು. "ನಿನ್ನಿ ಗಂಡಸು. ಇವತ್ತು ಹೆಂಗಸು. ಯಾವ ದೋಸ್ತಗ ಹೇಳಿ ಕುಂದರಿಸಿದಿ?"

"ಆಯಿ, ನಾ ಇಲ್ಲೇ ನಿಂತೀನಿ. ನನ್ನ ಬಾಯಿ ಮುಚ್ಚೇದ ನೋಡು!"

"ನಿನ್ನ ಬಾಯಿ ಮುಚ್ಚಿದ್ದು ಹುಟ್ಟಿದಾಗಿಂದ ನಾ ನೋಡಿಲ್ಲ" ಅಂದು ಕೆಂಪು ಗುಂಡಿ ಒತ್ತಿದಳು. ಫೋನು ಸತ್ತಿತು.

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನೇ ಚಪ್ಪಾಳೆ ಹೊಡೆಯುತ್ತಿದ್ದೆ. ಅವತ್ತು ಬಾಗಿಲ ಕಡೆ ನುಗ್ಗಿದೆ, ಅಕ್ಕನನ್ನೂ ಕೂಸನ್ನೂ ಹೇಗಾದರೂ ಹೊರಗೆ ಒಯ್ಯೋಣವೆಂದು. ಆಯಿ ನನಗಿಂತ ಮೊದಲೇ ಹೊಸ್ತಿಲ ಮೇಲೆ ಕೂತಳು. ಎರಡು ಕೈಯಿಂದ ಎರಡೂ ಕಡೆಯ ಚೌಕಟ್ಟು ಹಿಡಿದು ಕೂತಳು. ನಲವತ್ತು ಕಿಲೋ ಇಲ್ಲದ ಮುದುಕಿ, ಎತ್ತಿ ಬದಿಗಿಡಬಹುದಿತ್ತು. ಎತ್ತಲು ಕೈ ಬರಲಿಲ್ಲ. ಅವಳ ಕಣ್ಣಲ್ಲಿದ್ದದ್ದು ಸಿಟ್ಟಲ್ಲ ಎಂಬುದು ಅಷ್ಟು ಹತ್ತಿರ ಹೋದ ಮೇಲೆ ಕಂಡಿತು.

"ನಂದೊಂದು ಹಿಂಗೇ ಹೋಗೇದ" ಅಂದಳು. "ಗಾಳಿ ಬಡದು. ಮೊದಲ ಕೂಸು. ನಿಮಗ್ಯಾರಿಗೂ ಗೊತ್ತಿಲ್ಲ, ನಿಮ್ಮಪ್ಪ ಹುಟ್ಟಿದ್ದಿಲ್ಲ ಇನ್ನ. ಇದನ್ನ ನಾ ಹೊರಗ ಬಿಡಂಗಿಲ್ಲ."

ಅವ್ವ ಗೋಡೆಗೆ ಒರಗಿ ನಿಂತಳು. ಅಕ್ಕ ಅಳತೊಡಗಿದಳು. ನನ್ನ ತಲೆಯಲ್ಲಿ ಸಿಸ್ಟರಿನ ಅರ್ಧ ತಾಸು ಓಡುತ್ತಿತ್ತು, ಅದರಲ್ಲಿ ಎಷ್ಟು ಕಳೆಯಿತೋ ತಿಳಿಯದು. ಮಾತಾಡಬೇಕು, ಆದರೆ ಏನು ಹೇಳಿದರೂ ಅದು ಯಾರದೋ ದನಿಯ ಹಾಗೆ ನನಗೇ ಕೇಳಿಸುತ್ತಿತ್ತು. ಅವಳೆದುರು ನೆಲದ ಮೇಲೆ ಕೂತೆ. ಹೇಳುವುದನ್ನು ಬಿಟ್ಟು ಕೇಳಿದೆ.

"ಆಯಿ, ಥಂಡಿ ಹತ್ತಿದ ಕೂಸಿನ ಅಂಗಾಲ ಹೆಂಗಿರ್ತಾವ?"

"ಹೆಂಗಿರ್ತಾವ ಅಂದ್ರ? ಥಣ್ಣಗ. ಕಲ್ಲಿನಂಗ. ಮೈ ಕಾದ್ರೂ ಅಂಗಾಲ ಥಣ್ಣಗಿರ್ತಾವ."

"ಇದರದು ಮುಟ್ಟಿ ನೋಡು."

"ನನಗ ಕಲಸ್ತಿಯೇನ?"

"ನಾ ಕಲಸಾಂಗಿಲ್ಲ. ನೀನೇ ಮುಟ್ಟು. ಮುಟ್ಟಿ ನೀ ಏನಂತಿ ಅದೇ ಆಗ್ಲಿ."

ಅಕ್ಕ ತಡಮಾಡಲಿಲ್ಲ. ಹೊರಸಿನಿಂದ ಇಳಿದು, ಕೌದಿ ಸರಿಸಿ, ಕೂಸಿನ ಪಾದಗಳನ್ನು ಆಯಿಯ ಮುಖದ ಮುಂದೆ ಚಾಚಿದಳು. ಆಯಿ ಒಂದು ಕೈಯನ್ನು ಚೌಕಟ್ಟಿನಿಂದ ಬಿಟ್ಟಳು. ಎರಡು ಬೆರಳಲ್ಲಿ ಒಂದು ಅಂಗಾಲು ಮುಟ್ಟಿದಳು. ಇನ್ನೊಂದು ಮುಟ್ಟಿದಳು. ಬೆರಳನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಮತ್ತೆ ಮುಟ್ಟಿದಳು. ಒಲೆಯಿಂದ ಈಗಷ್ಟೇ ತೆಗೆದ ರೊಟ್ಟಿಯನ್ನು ಮುಟ್ಟಿದ ಹಾಗೆ ಆ ಬೆರಳು ಹಿಂದಕ್ಕೆ ಬಂದದ್ದನ್ನು ನಾವು ಮೂವರೂ ನೋಡಿದೆವು.

ಆಮೇಲೆ ಎದ್ದಳು. ಎದ್ದವಳು ಬೇರೆಯೇ ಆಯಿ.

"ಏನ ನೋಡ್ತಾ ನಿಂತಿ ಮಂಗ್ಯಾ? ಹಳೇ ಖೋಲ್ಯಾಗ ಗವಾಕ್ಷಿ ಮ್ಯಾಲ ಗಡಗಿ ಬೋರಲ ಹಾಕೇದ, ಏರಿ ತಗೀ. ಏ ಸೊಸಿ, ಗೋಣಿಚೀಲ ತೊಯ್ಸಿ ಬಾಗಲಿಗಿ ಹಾಕು. ಈ ಕುಂಚಿಗಿ ಬಿಚ್ಚರಿ ಮೊದಲ, ಬಿಚ್ಚರಿ, ಬಿಚ್ಚರಿ."

ಅಂಗಳ ದಾಟುವುದು ಇಪ್ಪತ್ತು ಹೆಜ್ಜೆ. ಆ ಹೊತ್ತಿನಲ್ಲಿ ಬೀಸುವ ಗಾಳಿಗೆ ಹುಲ್ಲು ಒಣಗಿ ಪುಡಿಯಾಗುತ್ತದೆ. ಆಯಿ ಗಾಳಿ ಬರುವ ಮಗ್ಗುಲಲ್ಲಿ ಸೆರಗನ್ನು ಎರಡೂ ಕೈಯಿಂದ ಅಗಲ ಮಾಡಿ ಹಿಡಿದು ನಡೆದಳು. ಆ ಸೆರಗಿನ ಮರೆಯಲ್ಲಿ ಅಕ್ಕ, ಅಕ್ಕನ ತೋಳಲ್ಲಿ ತೆಳು ಬಟ್ಟೆಯೊಂದನ್ನೇ ಹೊದ್ದ ಕೂಸು. ನಾನು ಏಣಿ ಹಚ್ಚಿ ಮಾಳಿಗೆ ಏರಿದೆ. ಬರಿಗಾಲು, ಮಣ್ಣು ಸುಟ್ಟುಬಿಟ್ಟಿತು. ಕುಣಿಯುತ್ತ ಹೋಗಿ ಗಡಿಗೆ ಎತ್ತಿದೆ. ತೂತಿನಿಂದ ಒಳಗೆ ಬಗ್ಗಿ ನೋಡಿದರೆ ಒಂದು ಗುಂಡನೆಯ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅದರಾಚೆ ಕತ್ತಲಲ್ಲಿ ಆಯಿಯ ಊದಿನಕಡ್ಡಿಯ ಕೆಂಪು ಚುಕ್ಕಿ.

ಅದೇ ಕಡ್ಡಿ, ಅದೇ ಬಗ್ಗಿದ ಸೊಂಟ. ಈ ಸಲ ಹಿಂದೆ ಯಾರೂ ಅಣಕಿಸುವವರಿರಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಹೊಗೆ ಮಲಗಿ ಓಡಿತು. ಆ ಗಾಳಿ ನೇರ ಬಾಣಂತಿಯ ಕಡೆಗೆ. "ಇಲ್ಲೊಂದು ಕೌದಿ ಸುತ್ತಿ ಒತ್ತು" ಅಂದಳು. ಓಣಿಯ ಕಡೆಯ ಸಣ್ಣ ಕಿಟಕಿಯ ಒಂದು ಕದ ಮಾತ್ರ ತೆಗೆಸಿದಳು. ಹೊಗೆ ಅಲ್ಲಿಂದ ಸುತ್ತಿಕೊಂಡು, ಕೋಣೆಯ ನಡುವೆ ಏರಿ, ಗವಾಕ್ಷಿಯಿಂದ ಹೊರಬಿದ್ದು ನನ್ನ ಮೂಗಿಗೇ ಬಂತು. ಒಳಗಿನ ಕಾವೂ ಅದರ ಜೊತೆ ಬರುತ್ತಿತ್ತು, ಮುಖಕ್ಕೆ ಬಡಿಯುತ್ತಿತ್ತು. ಮೂಲೆಯೊಂದರಲ್ಲಿ ಹೊಗೆ ಅಲುಗಾಡದೆ ನೆಟ್ಟಗೆ ನಿಂತಿತು. "ಇಲ್ಲಿ. ಇಲ್ಲಿ ಕುಂದ್ರು" ಅಂದಳು ಅಕ್ಕನಿಗೆ.

ಅಂಗಡಿಯಲ್ಲಿ ನಾಲ್ಕು ಬೇಸಿಗೆ ಕೂಲರ್ ಮಾರಿದವನು ನಾನು. ಒಂದು ಕೋಣೆಯೊಳಗೆ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂದು ಇಷ್ಟು ಬೇಗ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

"ಹಚ್ಚವ್ವಾ ಎದಿಗಿ" ಅಂದದ್ದು ಕೇಳಿತು. ಆಮೇಲೆ ಅಕ್ಕನ ದನಿ: "ಬಾಯಿ ತೆರಿಯವಲ್ದು ಆಯಿ." ಮತ್ತೆ ಸ್ವಲ್ಪ ಹೊತ್ತಿಗೆ, ಅದಕ್ಕಿಂತ ಸಣ್ಣಗೆ: "ತೆರಿಯವಲ್ದು."

ಮಾಳಿಗೆಯ ಮೇಲೆ ಕಾಲು ಸುಡುವುದು ನಿಂತೇಹೋಗಿತ್ತು, ಇಲ್ಲವೆ ನನಗೆ ತಿಳಿಯುತ್ತಿರಲಿಲ್ಲ. ಓಣಿಯ ತುದಿಯತ್ತಲೇ ನೋಡುತ್ತ ನಿಂತಿದ್ದೆ. ಯಾರದೋ ಟ್ರ್ಯಾಕ್ಟರ್ ಬಂತು. ಮೊಸರು ಮಾರುವವಳು ಬಂದಳು. ಕೊನೆಗೆ ಧೂಳಿನಲ್ಲಿ ಸಿಸ್ಟರಿನ ಸ್ಕೂಟರ್ ತಿರುಗಿತು. ಏಣಿ ಇಳಿದು ಒಳಗೆ ಓಡಿದೆ.

ಅವರು ಚಪ್ಪಲಿ ಬಿಡುತ್ತಲೇ ಒಳಗೆ ಬಂದರು. ಮೈ ಉಷ್ಣ ನೋಡಿದರು, ಎದೆ ನೋಡಿದರು, ಹೊಟ್ಟೆಯ ಚರ್ಮ ಚಿವುಟಿ ನೋಡಿದರು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರು. ಅಕ್ಕನಿಗೆ ಹಾಲು ಹಿಂಡಲು ಹೇಳಿ, ಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ತೆಗೆದುಕೊಂಡು, ಕೂಸನ್ನು ಒಂದಿಷ್ಟು ಎಚ್ಚರಿಸಿ ತುಟಿಯ ಮೇಲೆ ಒಂದು ಹನಿ ಬಿಟ್ಟರು. ಹನಿ ಗಲ್ಲಕ್ಕೆ ಜಾರಿತು. ಇನ್ನೊಂದು ಹನಿ. ಅದೂ ಜಾರಿತು. ಮೂರನೆಯದಕ್ಕೆ ನಾಲಿಗೆಯ ತುದಿ ಹೊರಗೆ ಬಂತು, ನುಂಗಿತು.

ಆಯಿ ಅಷ್ಟೂ ಹೊತ್ತು ನೋಡುತ್ತಿದ್ದದ್ದು ಸಿಸ್ಟರಿನ ಬಾಯಿಯನ್ನು. ಫೋನಿನಲ್ಲಿ ಬಂದ ಅದೇ ದನಿ ಈಗ ಅವರ ಬಾಯಿಂದಲೇ ಬರುತ್ತಿತ್ತು. "ಯವ್ವಾ, ಆಗ ಮಾತಾಡಿದಾಕಿ ನೀನೇನು?" ಅಂದಳು.

"ನಾನೇ ಆಯಿ. ಯಾಕ ಕಟ್ ಮಾಡಿದ್ರಿ?"

ಆಯಿ ನನ್ನ ಕಡೆ ತಿರುಗಿ ನೋಡಿದ ನೋಟವಿದೆಯಲ್ಲ, ಅದನ್ನು ಅಣಕಿಸಲು ಇವತ್ತಿನವರೆಗೂ ನನಗೆ ಬಂದಿಲ್ಲ. ನನ್ನ ಕುಲ್ಫಿಗೆ ಸಿಕ್ಕ ಕೂಲಿ ಅದು. ಆ ಒಂದು ಚೇಷ್ಟೆಗೆ ಒಂದು ದಿನ ಮತ್ತು ಅರ್ಧ ತಾಸು ಹೋಗಿತ್ತು, ಇಷ್ಟು ಸಣ್ಣ ಕೂಸಿನ ಆಯುಷ್ಯದಲ್ಲಿ ಅದು ಕಡಿಮೆಯಲ್ಲ.

ಆಟೋ ತಂದೆ. ತಾಲೂಕು ದವಾಖಾನೆಯಲ್ಲಿ ರಕ್ತ ನೋಡಿದರು, ನಂಜು ಏನೂ ಇಲ್ಲ, ಮೈಯಲ್ಲಿನ ನೀರು ಕಡಿಮೆಯಾಗಿದೆ ಅಂದರು. ಮರುದಿನ ಸಂಜೆಯ ತನಕ ಇಟ್ಟುಕೊಂಡು, ಅದು ತಾನಾಗಿ ಎದೆ ಹಿಡಿದು ಕುಡಿಯುವುದನ್ನು ನೋಡಿಯೇ ಬಿಟ್ಟರು. ನಾರಾಯಣಪುರದ ಕಾಲುವೆ ಆಫೀಸಿನಲ್ಲಿ ಕೆಲಸಕ್ಕಿದ್ದ ಅಪ್ಪ ಬಂದು ಅಕ್ಕನ ಜೊತೆ ಇದ್ದರು. ಆಯಿ ದವಾಖಾನೆಗೆ ಬರಲಿಲ್ಲ. ಕರೆದರೂ ಬರಲಿಲ್ಲ.

ನಾವು ತಿರುಗಿ ಬಂದಾಗ ಹಳೇ ಕೋಣೆ ತಯಾರಿತ್ತು. ಇಲಿ ಬಿಲಕ್ಕೆ ಕಲ್ಲು, ಬಾಗಿಲಿಗೆ ಹಸಿ ಗೋಣಿಚೀಲ, ಗವಾಕ್ಷಿಗೆ ಹಕ್ಕಿ ಬೀಳದಂತೆ ತಂತಿಯ ಜಾಳಿಗೆ. ಹೊಗೆ ನೆಟ್ಟಗೆ ನಿಂತ ಆ ಮೂಲೆಯಲ್ಲೇ ತೊಟ್ಟಿಲು. ಗಡಿಯಾರವನ್ನೂ ಆಯಿಯೇ ತಂದು ಗೂಟಕ್ಕೆ ಹಾಕಿಸಿದ್ದಳು. ಮಧ್ಯಾಹ್ನ ಮೂರಕ್ಕೆ ಅದು ಮೂವತ್ತೆರಡರ ಆಸುಪಾಸಿನಲ್ಲಿರುತ್ತಿತ್ತು. ಬೆಳಗಿನ ಜಾವ ತಂಪಾದರೆ ಕಿಟಕಿಯ ಕದ ಹಾಕಿ ಕೂಸಿಗೆ ಒಂದು ಬಟ್ಟೆ ಹೆಚ್ಚಿಗೆ. ಕೆಂಡದ ಮಾತು ಯಾರೂ ಎತ್ತಲಿಲ್ಲ.

ನನ್ನ ಜೊತೆ ಆಯಿ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಊಟಕ್ಕೆಂದು ಮನೆಗೆ ಬಂದವನು ಬಾಣಂತಿ ಕೋಣೆಗೆ ಇಣುಕಿದೆ. ಅಕ್ಕ, ಕೂಸು ಇಬ್ಬರೂ ನಿದ್ದೆಯಲ್ಲಿದ್ದರು. ಆಯಿ ತೊಟ್ಟಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಕೈಸನ್ನೆಯಿಂದ ಕರೆದಳು. ಹೋಗಿ ಕೂತೆ.

"ನಂದು ಗಂಡು ಕೂಸಿತ್ತು" ಅಂದಳು, ಅಕ್ಕ ಏಳಬಾರದೆಂದು ತೀರ ಮೆಲ್ಲಗೆ. "ಇದೇ ಖೋಲಿ. ಇಂಥಾದ್ದೇ ಬ್ಯಾಸಗಿ. ನಮ್ಮತ್ತಿ ಎಲ್ಲಾ ಮುಚ್ಚಿಸಿದ್ಲು, ಗವಾಕ್ಷಿನೂ ಮುಚ್ಚಿಸಿದ್ಲು. ನನ್ನ ಹೊರಸಿನ ಬುಡಕ ಕೆಂಡ. ಎರಡು ದಿನ ಬಾಯಿ ಹಾಕಲಿಲ್ಲ ಅದು. ಎಲ್ಲಾರೂ ಗಾಳಿ ಅಂದ್ರು. ನಾನೂ ಗಾಳಿ ಅಂದೆ."

ತೊಟ್ಟಿಲ ಹಗ್ಗವನ್ನು ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು.

"ಅಂಗಾಲ ಮುಟ್ಟಿ ನೋಡಿದ್ದೆ. ಮುಟ್ಟಿದ್ದು ನೆನಪದ ನನಗ. ಥಣ್ಣಗಿದ್ವೋ, ಸುಡತಿದ್ವೋ, ಅದೊಂದೇ ನೆನಪಾಗವಲ್ದು. ನಾಕು ದಿನದಿಂದ ನೋಡಾಕತ್ತೀನಿ. ನೆನಪಾಗವಲ್ದು." ನನ್ನ ಮುಖ ನೋಡಿದಳು. "ಗಾಳಿನೇ ಇರಬೇಕಲ್ಲೋ?"

ಆ ಗಳಿಗೆಯಲ್ಲಿ ಹೇಳಬಹುದಾದ ಮಾತುಗಳೆಲ್ಲ ಯಾರ್ಯಾರದೋ ದನಿಯಲ್ಲಿ ಗಂಟಲಿಗೆ ಬಂದವು. ಹೌದೆನ್ನುವ ಊರ ಹಿರಿಯರ ದನಿ, ಆಗಿನ ಕಾಲದಲ್ಲಿ ಯಾರಿಗೆ ಗೊತ್ತಿತ್ತೆನ್ನುವ ಸಿಸ್ಟರಿನ ದನಿ, ಎಲ್ಲ ದೇವರಿಚ್ಛೆ ಎನ್ನುವ ನಮ್ಮವ್ವನ ದನಿ. ಒಂದೊಂದನ್ನೂ ನುಂಗಿದೆ.

"ಗೊತ್ತಿಲ್ಲ ಆಯಿ" ಅಂದೆ.

ಅವಳು ತಲೆಯಾಡಿಸಿದಳು. ಬಾಗಿಲ ಕಡೆ ನೋಡಿದಳು.

"ಚೀಲ ಒಣಗೇದ" ಅಂದಳು. "ಒಂದು ಕೊಡ ನೀರು ಹಾಕು ಹೋಗು. ಸದ್ದು ಮಾಡಬ್ಯಾಡ."

ಎದ್ದು ಹೋಗಿ ಕೊಡ ತುಂಬಿ ತಂದೆ. ಚೀಲದ ಮೇಲ್ತುದಿಗೆ ಹಿಡಿದು, ಸದ್ದಾಗದ ಹಾಗೆ, ತೆಳ್ಳಗೆ ಸುರಿದೆ.